ಯೋಗಾಚಾರ್ಯ ಕೃಷ್ಣಮಾಚಾರ್ಯರು

ಬಲ್ಲ ರೈತನು ಎಲ್ಲ ಹೊಲಗಳಿಗೂ ಒಂದೇ ಬೀಜವನ್ನು ಬಿತ್ತುವುದಿಲ್ಲ. ಎರೆಯ ನೆಲಕ್ಕೆ ಹೊಂದುವ ಬೆಳೆ ಬೇರೆ, ಮಸಾರಿಯ ನೆಲಕ್ಕೆ ಹೊಂದುವ ಬೆಳೆ ಬೇರೆ. ಬಲ್ಲ ವೈದ್ಯನೂ ಹತ್ತು ಮಂದಿ ರೋಗಿಗಳಿಗೆ ಒಂದೇ ಔಷಧವನ್ನು ಕೊಡುವುದಿಲ್ಲ. ರೋಗಿಯ ವಯಸ್ಸು, ಬಲ, ಆಹಾರ, ಉದ್ಯೋಗಗಳನ್ನು ವಿಚಾರಿಸಿಕೊಂಡು ತಕ್ಕ ಔಷಧವನ್ನು ನಿರ್ಧರಿಸುತ್ತಾನೆ. ಕಲಿಸುವವನಿಗೂ ಈ ವಿವೇಕ ಬೇಕು. ವಿದ್ಯೆ ಎಷ್ಟೇ ದೊಡ್ಡದಾಗಿದ್ದರೂ ಅದು ಕಲಿಯುವವನಿಗೆ ಹೊಂದಿಕೊಳ್ಳದಿದ್ದರೆ ಫಲ ಕೊಡಲಾರದು. ಈ ಮಾತನ್ನು ಯೋಗವಿದ್ಯೆಯ ಕ್ಷೇತ್ರದಲ್ಲಿ ಆಚರಿಸಿ ತೋರಿಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಇಂದು ಜಗತ್ತಿನ ಹಲವು ದೇಶಗಳಲ್ಲಿ ಯೋಗಾಭ್ಯಾಸ ನಡೆಯುತ್ತಿದೆ. ಆ ಅಭ್ಯಾಸದ ಹಲವು ಹೊನಲುಗಳ ಮೂಲವನ್ನು ಅರಸುತ್ತ ಹೊರಟರೆ, ಕನ್ನಡನಾಡಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಗುರುವಾಗಿ ನಿಂತ ಈ ಮಹನೀಯರ ಬಳಿಗೆ ಬರಬೇಕಾಗುತ್ತದೆ.

ಕೃಷ್ಣಮಾಚಾರ್ಯರು 1888ನೆಯ ಇಸವಿ ನವೆಂಬರ್ 18ರಂದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದವಿದ್ವಾಂಸರು. ತಾಯಿ ರಂಗನಾಯಕಮ್ಮ. ಶ್ರೀವೈಷ್ಣವ ಸಂಪ್ರದಾಯದ ಆ ಮನೆತನದವರು ತಮ್ಮನ್ನು ನಾಥಮುನಿಗಳ ವಂಶದವರೆಂದು ಭಾವಿಸಿದ್ದರು. ನಾಥಮುನಿಗಳು ಆ ಸಂಪ್ರದಾಯದ ಆದ್ಯ ಆಚಾರ್ಯರು. ಅವರು ರಚಿಸಿದ ಯೋಗರಹಸ್ಯವೆಂಬ ಗ್ರಂಥವು ಕಾಲಾಂತರದಲ್ಲಿ ನಷ್ಟವಾಯಿತೆಂದು ಪ್ರತೀತಿ. ಇಂತಹ ಮನೆಯಲ್ಲಿ ಮಗುವಿಗೆ ಐದು ವರ್ಷ ತುಂಬುತ್ತಲೇ ತಂದೆಯಿಂದ ವೇದಪಾಠವೂ ಯೋಗದ ಮೊದಲ ಪಾಠಗಳೂ ದೊರೆತವು. ಆದರೆ ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. ಕೃಷ್ಣಮಾಚಾರ್ಯರು ಹತ್ತು ವರ್ಷದ ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು.

ಆರು ಮಂದಿ ಮಕ್ಕಳಲ್ಲಿ ಹಿರಿಯರಾಗಿದ್ದ ಬಾಲಕ ತನ್ನವರೊಡನೆ ಮೈಸೂರಿಗೆ ಬಂದನು. ಅಲ್ಲಿಯ ಪರಕಾಲ ಮಠವು ಮೈಸೂರು ಅರಸರ ಗುರುಪೀಠ. ಅವರ ಮುತ್ತಾತಂದಿರು ಆ ಪೀಠವನ್ನು ಅಲಂಕರಿಸಿದ್ದರು. ಮಠದಲ್ಲಿ ಶಾಸ್ತ್ರಾಧ್ಯಯನ ಮುಂದುವರಿಯಿತು. ಹದಿನೆಂಟರ ಪ್ರಾಯದಲ್ಲಿ, 1906ರಲ್ಲಿ, ಯುವಕನು ಮೈಸೂರನ್ನು ಬಿಟ್ಟು ಕಾಶಿಗೆ ತೆರಳಿ ಶಿವಕುಮಾರ ಶಾಸ್ತ್ರಿಗಳೆಂಬ ಪ್ರಸಿದ್ಧ ವೈಯಾಕರಣರಲ್ಲಿ ವ್ಯಾಕರಣ ಕಲಿತನು. 1909ರಲ್ಲಿ ಮೈಸೂರಿಗೆ ಹಿಂದಿರುಗಿ ವೇದಾಂತವನ್ನು ಅಭ್ಯಸಿಸಿದನು. 1914ರಲ್ಲಿ ಮತ್ತೆ ಕಾಶಿಗೆ ಪ್ರಯಾಣ. ಈ ಬಾರಿ ಕೈಯಲ್ಲಿ ಹಣವಿರಲಿಲ್ಲ. ವಿದ್ಯಾರ್ಥಿಧರ್ಮಕ್ಕೆ ಅನುಸಾರವಾಗಿ ದಿನವೂ ಏಳು ಮನೆಗಳಲ್ಲಿ ಭಿಕ್ಷೆ ಬೇಡಿ, ದೊರೆತ ಹಿಟ್ಟಿನಿಂದ ರೊಟ್ಟಿ ಸುಟ್ಟುಕೊಂಡು ತಿಂದು ಅಧ್ಯಯನ ನಡೆಸಿದರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ನ್ಯಾಯ, ಮೀಮಾಂಸೆ, ಸಾಂಖ್ಯ, ವೇದಾಂತಗಳಲ್ಲಿ ಅವರು ಪಾಂಡಿತ್ಯ ಗಳಿಸಿದರು. ಆಯುರ್ವೇದವನ್ನೂ ಕಲಿತರು. ಈ ಕೊನೆಯ ವಿದ್ಯೆ ಮುಂದೆ ಅವರ ಬಾಳಿನಲ್ಲಿ ಎಷ್ಟು ಉಪಯುಕ್ತವಾಯಿತೆಂಬುದನ್ನು ಮುಂದೆ ನೋಡೋಣ.

ಶಾಸ್ತ್ರಗಳನ್ನೆಲ್ಲ ಓದಿದರೂ ಯೋಗದ ಆಳವನ್ನು ಬಲ್ಲ ಗುರುವೊಬ್ಬರು ಬೇಕೆಂಬ ಹಂಬಲ ಅವರಲ್ಲಿ ಉಳಿದೇ ಇತ್ತು. ಹಿಮಾಲಯದ ಆಚೆ ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿಗಳೆಂಬ ಯೋಗಿಗಳಿದ್ದಾರೆಂಬ ಸುದ್ದಿ ತಿಳಿದು, ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋಗಿ, ಏಳೂವರೆ ವರ್ಷಗಳ ಕಾಲ ಅವರ ಸೇವೆ ಮಾಡಿ ಯೋಗಸೂತ್ರಗಳನ್ನೂ ಆಸನ ಪ್ರಾಣಾಯಾಮಗಳನ್ನೂ ಯೋಗದಿಂದ ರೋಗವನ್ನು ಪರಿಹರಿಸುವ ಕ್ರಮವನ್ನೂ ಕಲಿತರೆಂಬುದು ಕೃಷ್ಣಮಾಚಾರ್ಯರೇ ತಮ್ಮ ಶಿಷ್ಯರಿಗೆ ಹೇಳಿದ ವೃತ್ತಾಂತ. ಆ ಗುರುಗಳು ಸಂನ್ಯಾಸಿಗಳಲ್ಲ, ಹೆಂಡತಿ ಮಕ್ಕಳೊಡನೆ ಬಾಳುತ್ತಿದ್ದ ಗೃಹಸ್ಥರು. ವಿದ್ಯಾಭ್ಯಾಸ ಮುಗಿದಾಗ ಅವರು ಗುರುದಕ್ಷಿಣೆಯಾಗಿ ಹಣವನ್ನು ಕೇಳಲಿಲ್ಲ. ಊರಿಗೆ ಮರಳಿ ಮದುವೆಯಾಗಿ, ಸಂಸಾರಿಯಾಗಿದ್ದುಕೊಂಡೇ ಜನರಿಗೆ ಯೋಗವನ್ನು ಕಲಿಸಬೇಕೆಂದು ವಿಧಿಸಿದರಂತೆ. ಮೇಲುನೋಟಕ್ಕೆ ಇದು ಹಗುರವಾದ ದಕ್ಷಿಣೆಯೆಂದು ತೋರಬಹುದು. ಆದರೆ ಅದನ್ನು ಸಲ್ಲಿಸಲು ಶಿಷ್ಯನು ತನ್ನ ಬಾಳನ್ನೇ ಸವೆಸಬೇಕಾಯಿತು.

ಶಾಸ್ತ್ರಗಳಲ್ಲಿ ಹಲವು ಪದವಿಗಳನ್ನು ಪಡೆದ ವಿದ್ವಾಂಸನಿಗೆ ಅರಮನೆಗಳಲ್ಲಿಯೋ ಪಾಠಶಾಲೆಗಳಲ್ಲಿಯೋ ಗೌರವದ ಸ್ಥಾನ ದೊರೆಯುವುದು ಕಷ್ಟವಾಗಿರಲಿಲ್ಲ. ಯೋಗವನ್ನು ನೆಚ್ಚಿಕೊಂಡವನಿಗೆ ಮಾತ್ರ ಅಂದು ಅನ್ನ ಹುಟ್ಟುತ್ತಿರಲಿಲ್ಲ. ಯೋಗವೆಂದರೆ ಬೈರಾಗಿಗಳ ಸೊತ್ತು, ಸಂಸಾರಿಗಳಿಗೆ ಸಲ್ಲದ್ದು ಎಂಬ ಭಾವನೆ ಜನರಲ್ಲಿ ಬೇರೂರಿತ್ತು. 1925ರಲ್ಲಿ ಕೃಷ್ಣಮಾಚಾರ್ಯರು ನಾಮಗಿರಿಯಮ್ಮನವರನ್ನು ವಿವಾಹವಾದರು. ಹೊಸ ಸಂಸಾರ ಬಡತನದಲ್ಲಿ ಆರಂಭವಾಯಿತು. ಹೊಟ್ಟೆಪಾಡಿಗಾಗಿ ಅವರು ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. ಪತ್ನಿಯ ಸೀರೆಯ ತುಂಡಿನಿಂದ ಕೌಪೀನ ಮಾಡಿಕೊಂಡು ಧರಿಸುವಷ್ಟು ಬಡತನ ಅವರನ್ನು ಕಾಡಿತೆಂದು ಹೇಳುತ್ತಾರೆ. ಆದರೂ ಗುರುವಿಗೆ ಕೊಟ್ಟ ಮಾತನ್ನು ಅವರು ಮರೆಯಲಿಲ್ಲ. ಬಿಡುವು ದೊರೆತಾಗಲೆಲ್ಲ ಊರೂರಿಗೆ ಹೋಗಿ ಯೋಗದ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದರು, ಆಸನಗಳನ್ನು ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಅಂತಹ ಒಂದು ಪ್ರದರ್ಶನವನ್ನು ಹನ್ನೆರಡು ವರ್ಷದ ಬಾಲಕನೊಬ್ಬನು ಬೆರಗಾಗಿ ನೋಡಿದನು. ಮರುದಿನವೇ ಬಂದು ಶಿಷ್ಯನಾಗಲು ಬೇಡಿಕೊಂಡನು. ಹಾಸನ ಜಿಲ್ಲೆಯ ಕೌಶಿಕ ಗ್ರಾಮದ ಆ ಬಾಲಕನೇ ಮುಂದೆ ಅಷ್ಟಾಂಗ ಯೋಗದ ಗುರುವೆಂದು ಜಗತ್ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸರು.

ಅಂದು ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ವಿದ್ಯೆ, ಸಂಗೀತ, ಕಲೆ, ಕೈಗಾರಿಕೆಗಳಿಗೆ ಆಶ್ರಯ ನೀಡಿದ ಆ ಪ್ರಭುಗಳು ಯೋಗವಿದ್ಯೆಯಲ್ಲಿಯೂ ಆಸಕ್ತರಾಗಿದ್ದರು. ಕೃಷ್ಣಮಾಚಾರ್ಯರ ಯೋಗ್ಯತೆ ಅವರ ಗಮನಕ್ಕೆ ಬಂದಿತು. 1931ರಲ್ಲಿ ಕೃಷ್ಣಮಾಚಾರ್ಯರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾದರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ಪ್ರಾರಂಭವಾಯಿತು. ರಾಜಮನೆತನಕ್ಕೆ ಸಂಬಂಧಿಸಿದ ಅರಸು ಬಾಲಕರೂ ಇತರ ವಿದ್ಯಾರ್ಥಿಗಳೂ ಅಲ್ಲಿ ಕಲಿಯತೊಡಗಿದರು.

ಮೈಸೂರಿನ ಆ ದಿನಗಳಲ್ಲಿ ಕೃಷ್ಣಮಾಚಾರ್ಯರು ಎರಡು ಅಮೂಲ್ಯ ಕನ್ನಡ ಗ್ರಂಥಗಳನ್ನು ರಚಿಸಿದರು. 1934ರ ‘ಯೋಗ ಮಕರಂದ’ ಮೊದಲನೆಯದು, 1941ರ ‘ಯೋಗಾಸನಗಳು’ ಎರಡನೆಯದು. ಸಂಸ್ಕೃತದಲ್ಲಿ ಪ್ರೌಢ ವಿದ್ವಾಂಸರಾಗಿದ್ದರೂ ತಮ್ಮ ವಿದ್ಯೆಯನ್ನು ಅವರು ಕನ್ನಡದಲ್ಲಿ ಬರೆದರು. ಸಂಸ್ಕೃತವನ್ನರಿಯದ ಕನ್ನಡಿಗನೂ ಅದನ್ನು ಓದಿ ತಿಳಿಯುವಂತಾಯಿತು. ಚಿತ್ರಸಹಿತವಾದ ಈ ಪುಸ್ತಕಗಳಲ್ಲಿ ಪ್ರತಿಯೊಂದು ಆಸನವನ್ನೂ ಹಂತಹಂತವಾಗಿ, ಉಸಿರಾಟದೊಡನೆ ಹೊಂದಿಸಿ ಮಾಡುವ ಕ್ರಮ ನಿರೂಪಿತವಾಗಿದೆ. ಉಸಿರಿಗೂ ಚಲನೆಗೂ ಇರುವ ಈ ಹೊಂದಾಣಿಕೆಯೇ ಅವರ ಬೋಧನೆಯ ಜೀವಾಳ. ತೋಳುಗಳನ್ನು ಮೇಲಕ್ಕೆತ್ತುವಾಗ ಉಸಿರನ್ನು ಒಳಕ್ಕೆಳೆದುಕೊಳ್ಳಬೇಕು, ಮುಂದಕ್ಕೆ ಬಾಗುವಾಗ ಹೊರಬಿಡಬೇಕು. ಉಸಿರು ಏದುಸಿರಾದರೆ ಅಭ್ಯಾಸ ಮಿತಿಮೀರಿತೆಂದು ಅರ್ಥ. ಹೀಗೆ ಉಸಿರೇ ಸಾಧಕನಿಗೆ ಅಳತೆಗೋಲಾಯಿತು.

ಯೋಗದ ಕಡೆಗೆ ಜನರ ಮನಸ್ಸನ್ನು ಸೆಳೆಯಲು ಅವರು ಅನೇಕ ಊರುಗಳಲ್ಲಿ ಪ್ರದರ್ಶನಗಳನ್ನು ನಡೆಸಿದರು. ಕಠಿಣವಾದ ಆಸನಗಳನ್ನು ತಾವು ಮಾಡಿ ತೋರಿಸಿದರು, ಶಿಷ್ಯರಿಂದ ಮಾಡಿಸಿದರು. ಬರಿಯ ಕೈಗಳಿಂದ ಕಾರನ್ನು ತಡೆದು ನಿಲ್ಲಿಸುವುದು, ಹಲ್ಲಿನಿಂದ ಭಾರವನ್ನು ಎತ್ತುವುದು ಮೊದಲಾದ ಸಾಹಸಗಳೂ ಅದರಲ್ಲಿ ಸೇರಿದ್ದವು. ನಾಡಿಯ ಬಡಿತವನ್ನು ನಿಲ್ಲಿಸಿ ತೋರಿಸುತ್ತಾರೆಂಬ ಕೀರ್ತಿ ಹಬ್ಬಿ, 1935ರ ಸುಮಾರಿಗೆ ಫ್ರಾನ್ಸ್ ದೇಶದ ವೈದ್ಯೆ ತೆರೇಸ್ ಬ್ರೋಸ್ ಅವರು ಯಂತ್ರಗಳೊಡನೆ ಬಂದು ಅವರನ್ನು ಪರೀಕ್ಷಿಸಿದರು. ಇಂತಹ ಪ್ರದರ್ಶನದಲ್ಲಿ ಹೃದಯವು ನಿಜವಾಗಿ ನಿಲ್ಲುವುದಿಲ್ಲವೆಂದೂ, ಉಸಿರನ್ನು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಬಿಗಿಗೊಳಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕೈಗೆ ತಿಳಿಯದಷ್ಟು ಕ್ಷೀಣವಾಗುವುದೆಂದೂ ಆಮೇಲಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಮುಂದೆ ಸ್ವತಃ ಕೃಷ್ಣಮಾಚಾರ್ಯರೇ ಈ ವಿದ್ಯೆಯನ್ನು ಬದಿಗಿಟ್ಟರು. ಮಗನು ಕಲಿಸಬೇಕೆಂದು ಕೇಳಿದಾಗ, ಇದರಿಂದ ಜನರಿಗೆ ಯಾವ ಪ್ರಯೋಜನವೂ ಇಲ್ಲವೆಂದು ಹೇಳಿ ನಿರಾಕರಿಸಿದರು.

ಮೈಸೂರಿನ ಕೃಷ್ಣಮಾಚಾರ್ಯರು ಬಹಳ ಕಠೋರ ಗುರುಗಳು. ಅವರ ನೋಟಕ್ಕೆ ಶಿಷ್ಯರು ನಡುಗುತ್ತಿದ್ದರು. ಅವರ ಶಿಸ್ತಿನ ಬಿಸಿಯನ್ನು ಉಂಡವರಲ್ಲಿ ನಾಮಗಿರಿಯಮ್ಮನವರ ತಮ್ಮ ಬಿ. ಕೆ. ಎಸ್. ಅಯ್ಯಂಗಾರ್ ಒಬ್ಬರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಗೆ ತುತ್ತಾಗಿ ಬಡಕಲಾಗಿದ್ದರು. 1934ರಲ್ಲಿ ಕೃಷ್ಣಮಾಚಾರ್ಯರು ಲೋಣಾವಳದ ಕಡೆಗೆ ಪ್ರಯಾಣ ಹೊರಟಾಗ, ಅಕ್ಕನ ಜೊತೆಗಿರಲು ಈ ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಬಂದ ಹುಡುಗ ಅಲ್ಲಿಯೇ ಉಳಿದನು. ಮೊದಮೊದಲು ಭಾವನವರು ಅವನನ್ನು ಲಕ್ಷಿಸಲಿಲ್ಲ. ಅನಂತರ ಪ್ರದರ್ಶನಕ್ಕೆ ಶಿಷ್ಯನೊಬ್ಬನು ಬೇಕಾದಾಗ ಅವನಿಂದ ಬೇಗಬೇಗನೆ ಕಷ್ಟದ ಆಸನಗಳನ್ನು ಮಾಡಿಸಿದರು. ದೇಹ ಸಿದ್ಧವಾಗುವ ಮೊದಲೇ ಮಾಡಿದ ಒಂದು ಆಸನದಿಂದ ತೊಡೆಯ ಸ್ನಾಯು ಹರಿದು ಬಹುಕಾಲ ನೋವನ್ನು ಅನುಭವಿಸಿದುದನ್ನು ಅಯ್ಯಂಗಾರ್ ಹೇಳಿಕೊಂಡಿದ್ದಾರೆ. ಅದೇ ಹುಡುಗನು ಯೋಗದ ಬಲದಿಂದಲೇ ಆರೋಗ್ಯವನ್ನು ಮರಳಿ ಪಡೆದುದೂ ಸತ್ಯ. ಅವನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದರಿಂದ 1937ರಲ್ಲಿ ಗುರುಗಳು ಅವನನ್ನು ಪುಣೆಗೆ ಬೋಧಕನಾಗಿ ಕಳುಹಿಸಿದರು. ತನ್ನ ನೋವಿನಿಂದ ಪಾಠ ಕಲಿತ ಅಯ್ಯಂಗಾರರು ಮುಂದೆ ಮರದ ದಿಮ್ಮಿ, ಪಟ್ಟಿ, ಕುರ್ಚಿಗಳ ಆಸರೆಯಿಂದ ದುರ್ಬಲರೂ ಆಸನಗಳನ್ನು ಮಾಡುವ ಕ್ರಮವನ್ನು ರೂಪಿಸಿದರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಎಂಬ ಇಂಗ್ಲಿಷ್ ಗ್ರಂಥವು ವಿಶ್ವವಿಖ್ಯಾತವಾಯಿತು.

ಆ ಕಾಲದಲ್ಲಿಯೇ ಮತ್ತೊಬ್ಬ ಶಿಷ್ಯೆ ಬಂದರು. ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ರೀಗಾ ನಗರದಲ್ಲಿ 1899ರಲ್ಲಿ ಹುಟ್ಟಿದ ಈ ಮಹಿಳೆ ಇಂದ್ರಾದೇವಿ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಆಕೆ ಮುಂಬಯಿಯಲ್ಲಿ ವಿದೇಶಿ ರಾಜತಂತ್ರಜ್ಞರೊಬ್ಬರ ಪತ್ನಿಯಾಗಿ ನೆಲೆಸಿದ್ದರು. ಹೃದಯದ ಬಾಧೆಯಿಂದ ನರಳಿದ್ದ ಅವರು ಮೈಸೂರಿಗೆ ಬಂದು ಕಲಿಸಬೇಕೆಂದು ಕೇಳಿಕೊಂಡಾಗ ಕೃಷ್ಣಮಾಚಾರ್ಯರು ಒಪ್ಪಲಿಲ್ಲ. ಆಕೆ ಪರದೇಶದವರು, ಮೇಲಾಗಿ ಹೆಂಗಸು. ಮಹಾರಾಜರು ಆಕೆಯ ಪರವಾಗಿ ಹೇಳಿದ ಮೇಲೆ ಅರೆಮನಸ್ಸಿನಿಂದ ಒಪ್ಪಿದರು. ಆಹಾರದಲ್ಲಿಯೂ ದಿನಚರಿಯಲ್ಲಿಯೂ ಬಿಗಿಯಾದ ನಿಯಮಗಳನ್ನು ವಿಧಿಸಿದರು. ಆಕೆ ತಾನಾಗಿ ಬಿಟ್ಟುಹೋಗಲೆಂಬುದು ಅವರ ಎಣಿಕೆಯಾಗಿದ್ದಿರಬಹುದು. ಆದರೆ ಆಕೆ ಒಂದು ನಿಯಮವನ್ನೂ ಮೀರಲಿಲ್ಲ. ದಿನಗಳು ಕಳೆದಂತೆ ಗುರುವಿನ ಮನಸ್ಸು ಬದಲಾಯಿತು. ಪತಿಯ ಕೆಲಸದ ನಿಮಿತ್ತ ಆಕೆ ಚೀನಾ ದೇಶಕ್ಕೆ ಹೊರಟಾಗ, ಇನ್ನು ಮುಂದೆ ನೀನೇ ಕಲಿಸಬೇಕೆಂದು ಅವರೇ ಅಪ್ಪಣೆ ಕೊಟ್ಟರು. ಆಕೆ ಶಾಂಘೈಯಲ್ಲಿಯೂ 1947ರಿಂದ ಅಮೆರಿಕದ ಹಾಲಿವುಡ್ಡಿನಲ್ಲಿಯೂ ಯೋಗವನ್ನು ಕಲಿಸಿದರು. ಶಾಸ್ತ್ರದ ಗಡಿಯನ್ನು ಬಿಗಿಯಾಗಿ ಹಿಡಿದಿದ್ದ ಗುರುವು ಎದುರಿಗಿದ್ದ ವ್ಯಕ್ತಿಯ ಶ್ರದ್ಧೆಯನ್ನು ಕಂಡು ಆ ಗಡಿಯನ್ನು ಸಡಿಲಿಸಿದ ಪ್ರಸಂಗವಿದು. ಅನಂತರದ ವರ್ಷಗಳಲ್ಲಿ ಅವರು ಸ್ತ್ರೀಯರಿಗೆ ಯೋಗವನ್ನಷ್ಟೇ ಅಲ್ಲ, ವೇದಮಂತ್ರಗಳ ಪಠನವನ್ನೂ ಕಲಿಸಿದರು.

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ದೇಶ ಸ್ವತಂತ್ರವಾದ ಮೇಲೆ ಸಂಸ್ಥಾನದ ಆಶ್ರಯವೂ ಇಲ್ಲವಾಯಿತು. 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಹದಿನೇಳು ವರ್ಷಗಳ ಕಾಲ ಕಟ್ಟಿ ಬೆಳೆಸಿದ ಸಂಸ್ಥೆ ಕಣ್ಣೆದುರಿಗೇ ಮುಚ್ಚಿಹೋದಾಗ ಕೃಷ್ಣಮಾಚಾರ್ಯರಿಗೆ ಅರವತ್ತು ದಾಟಿತ್ತು. ಮನೆಯಲ್ಲಿ ಮಕ್ಕಳಿನ್ನೂ ಬೆಳೆಯುತ್ತಿದ್ದರು. ಪರಕಾಲ ಮಠದ ಪೀಠವನ್ನು ಏರಬೇಕೆಂಬ ಆಹ್ವಾನ ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಂದಿತ್ತು. ಆ ಪೀಠವನ್ನೇರಿದ್ದರೆ ಮಾನಸಮ್ಮಾನಗಳಿಗೆ ಕೊರತೆಯಿರುತ್ತಿರಲಿಲ್ಲ. ಆದರೆ ಸಂನ್ಯಾಸ ಸ್ವೀಕರಿಸಿದರೆ ಸಂಸಾರವನ್ನು ಬಿಡಬೇಕು, ಗೃಹಸ್ಥನಾಗಿದ್ದು ಯೋಗವನ್ನು ಕಲಿಸುವೆನೆಂದು ಗುರುವಿಗೆ ಕೊಟ್ಟ ಮಾತನ್ನೂ ಬಿಡಬೇಕು. ಅವರು ಪೀಠವನ್ನು ಒಲ್ಲೆನೆಂದರು. ಕೆಲಕಾಲ ಬೆಂಗಳೂರಿನಲ್ಲಿದ್ದು, 1952ರಲ್ಲಿ ಮದರಾಸಿಗೆ ತೆರಳಿದರು. ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅಲ್ಲಿಯ ಪ್ರಸಿದ್ಧ ನ್ಯಾಯವೇತ್ತರೊಬ್ಬರು ಚಿಕಿತ್ಸೆಗಾಗಿ ಅವರನ್ನು ಬರಮಾಡಿಕೊಂಡಿದ್ದರು. ಆ ಪಯಣದಿಂದ ಅವರ ಬಾಳಿನ ಎರಡನೆಯ ಭಾಗ ಆರಂಭವಾಯಿತು.

ಮೈಸೂರಿನಲ್ಲಿ ಅವರ ಮುಂದೆ ನಿಂತಿದ್ದವರಲ್ಲಿ ಹೆಚ್ಚಿನವರು ಬಿಲ್ಲಿನಂತೆ ಬಾಗುವ ಮೈಯುಳ್ಳ ಬಾಲಕರು. ಮದರಾಸಿನಲ್ಲಿ ಬಂದವರು ಬೇರೆ ಬಗೆಯವರು. ಬೆನ್ನುನೋವಿನಿಂದ ಬಾಗಲಾರದವರು, ಉಬ್ಬಸದಿಂದ ಬಳಲುವವರು, ನಿದ್ರೆಯನ್ನು ಕಳೆದುಕೊಂಡವರು, ಮುಪ್ಪಿನಿಂದ ಕುಗ್ಗಿದವರು ಅವರ ಮನೆಯ ಬಾಗಿಲಿಗೆ ಬಂದರು. ಇವರಿಗೆಲ್ಲ ಒಟ್ಟಾಗಿ ಒಂದೇ ಪಾಠವನ್ನು ಹೇಳುವುದು ಸಾಧ್ಯವಿರಲಿಲ್ಲ. ಆಚಾರ್ಯರು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಕಲಿಸತೊಡಗಿದರು. ಹಿಂದೆ ಕಲಿತ ಆಯುರ್ವೇದ ಈಗ ಕೈಹಿಡಿಯಿತು. ಬಂದವರ ನಾಡಿಯನ್ನು ಹಿಡಿದು ನೋಡುವರು. ಕಣ್ಣು, ಉಗುರು, ಮೈಬಣ್ಣಗಳನ್ನು ಪರೀಕ್ಷಿಸುವರು. ನಡೆಯುವ ರೀತಿ, ಕೂರುವ ರೀತಿ, ಉಸಿರಾಡುವ ರೀತಿಗಳನ್ನು ಗಮನಿಸುವರು. ಏನನ್ನು ಉಣ್ಣುತ್ತಾರೆ, ಯಾವ ಕೆಲಸ ಮಾಡುತ್ತಾರೆ, ಮನೆಯ ಪರಿಸ್ಥಿತಿ ಹೇಗಿದೆ ಎಂದು ವಿಚಾರಿಸುವರು. ಆಮೇಲೆ ಆ ಒಬ್ಬ ವ್ಯಕ್ತಿಗೆ ಮಾತ್ರ ಹೊಂದುವ ಅಭ್ಯಾಸವನ್ನು ನಿರ್ಧರಿಸುವರು.

ಅವರ ಕ್ರಮದಲ್ಲಿ ಆಸನವೆಂಬುದು ಎಲ್ಲರಿಗೂ ಒಂದೇ ಅಳತೆಯ ಅಂಗಿಯಲ್ಲ. ನೆಲದ ಮೇಲೆ ಕೂರಲಾರದವನು ಕುರ್ಚಿಯ ಮೇಲೆ ಕುಳಿತು ಮಾಡಬಹುದು. ಕುಳಿತಿರಲಾರದವನು ಮಲಗಿಯೇ ಮಾಡಬಹುದು. ಮಂಡಿಯನ್ನು ನೇರವಾಗಿಡಲಾರದವನು ತುಸು ಮಡಿಸಿಕೊಂಡು ಬಾಗಬಹುದು. ಕೈಯೊಂದನ್ನು ಮೇಲೆತ್ತಿ ಇಳಿಸುವಷ್ಟು ಸರಳವಾದ ಚಲನೆಯೂ ಉಸಿರಿನೊಡನೆ ಕೂಡಿದರೆ ಯೋಗವೇ ಆಗುತ್ತದೆ. ಎಲ್ಲಿ ದಣಿವು ತೋರುವುದೋ ಅಲ್ಲಿ ವಿಶ್ರಾಂತಿ. ಒಂದು ದಿಕ್ಕಿಗೆ ಬಾಗಿದ ಮೈಗೆ ಅದನ್ನು ಸಮತೋಲಗೊಳಿಸುವ ಇನ್ನೊಂದು ಆಸನ. ಬಾಲಕರಿಗೂ ತರುಣರಿಗೂ ಶಕ್ತಿಯನ್ನು ಬೆಳೆಸುವ ಅಭ್ಯಾಸ, ಸಂಸಾರದ ಹೊಣೆ ಹೊತ್ತವರಿಗೆ ಆರೋಗ್ಯವನ್ನು ಕಾಪಾಡುವ ಅಭ್ಯಾಸ, ರೋಗಿಗಳಿಗೆ ಚಿಕಿತ್ಸೆಯ ಅಭ್ಯಾಸ, ವೃದ್ಧರಿಗೆ ಪ್ರಾಣಾಯಾಮ ಮತ್ತು ಧ್ಯಾನ, ಹೀಗೆ ವಯಸ್ಸಿಗೂ ಅವಸ್ಥೆಗೂ ತಕ್ಕಂತೆ ವಿದ್ಯೆಯ ರೂಪ ಬದಲಾಗುತ್ತಿತ್ತು. ಅಗತ್ಯವಿದ್ದರೆ ಪಥ್ಯವನ್ನೂ ಮೂಲಿಕೆಗಳನ್ನೂ ಹೇಳುತ್ತಿದ್ದರು. ಸ್ವತಃ ನಿಷ್ಠಾವಂತ ವೈಷ್ಣವರಾಗಿದ್ದರೂ ತಮ್ಮ ದೈವವನ್ನು ಶಿಷ್ಯರ ಮೇಲೆ ಹೇರಲಿಲ್ಲ. ಧ್ಯಾನಕ್ಕೆ ಅವರವರ ಇಷ್ಟದೈವವನ್ನು, ದೈವದಲ್ಲಿ ನಂಬಿಕೆಯಿಲ್ಲದವರಿಗೆ ಸೂರ್ಯನನ್ನೋ ತಂದೆತಾಯಿಗಳನ್ನೋ ಆಶ್ರಯಿಸಲು ಹೇಳುತ್ತಿದ್ದರು.

ಈ ಚಿಕಿತ್ಸೆಯಲ್ಲಿ ರೋಗಿ ಸುಮ್ಮನೆ ಮಲಗಿ ಔಷಧವನ್ನು ಕುಡಿಯುವವನಲ್ಲ, ತಾನೇ ದುಡಿಯಬೇಕಾದವನು. ಗುರು ದಾರಿ ತೋರಿಸುತ್ತಾನೆ, ನಡೆಯಬೇಕಾದವನು ಶಿಷ್ಯ. ದಿನವೂ ತಪ್ಪದೆ ಮನೆಯಲ್ಲಿ ಅಭ್ಯಾಸ ಮಾಡುವವನಿಗೆ ತನ್ನ ಮೈಯ ಬಲಾಬಲಗಳು ತಿಳಿಯುತ್ತವೆ, ಉಸಿರು ನೆಲೆಗೊಳ್ಳುತ್ತದೆ, ಮನಸ್ಸು ಹದವಾಗುತ್ತದೆ. ನೋವು ಕಡಿಮೆಯಾಗಲೆಂದು ಬಂದವನು ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿಯನ್ನು ಪಡೆದು ಹೋಗುತ್ತಾನೆ. ಯೋಗವು ಎಲ್ಲ ರೋಗಗಳಿಗೂ ಮದ್ದಲ್ಲ. ವೈದ್ಯರ ಚಿಕಿತ್ಸೆ ಬೇಕಾದಲ್ಲಿ ಅದನ್ನು ಪಡೆಯಲೇಬೇಕು. ಆದರೆ ಔಷಧವು ಮುಟ್ಟಲಾರದ ಆತ್ಮವಿಶ್ವಾಸವನ್ನು ಈ ಅಭ್ಯಾಸವು ಮುಟ್ಟಬಲ್ಲದು.

ಇದರ ಸತ್ಯವನ್ನು ಮನೆಯ ಮಗನೇ ಕಂಡುಕೊಂಡ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಕೃಷ್ಣಮಾಚಾರ್ಯರ ಮಗ ಟಿ. ಕೆ. ವಿ. ದೇಶಿಕಾಚಾರ್ 1938ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾನಿಲಯದಿಂದ ಎಂಜಿನಿಯರಿಂಗ್ ಪದವಿ ಪಡೆದಿದ್ದ ಅವರಿಗೆ ತಂದೆಯ ವಿದ್ಯೆಯಲ್ಲಿ ಆಸಕ್ತಿಯಿರಲಿಲ್ಲ. 1960ರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ಅವರು ಮದರಾಸಿನ ಮನೆಯ ಮುಂದೆ ಕುಳಿತು ವೃತ್ತಪತ್ರಿಕೆ ಓದುತ್ತಿದ್ದರು. ದೊಡ್ಡ ಕಾರೊಂದು ಬಂದು ನಿಂತಿತು. ಅದರಿಂದಿಳಿದ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಓಡಿಬಂದು, ಎದೆಯವರೆಗೆ ನಾಮ ಹಚ್ಚಿಕೊಂಡು ಹೊರಬಂದ ವೃದ್ಧ ಆಚಾರ್ಯರನ್ನು ಸಂತೋಷದಿಂದ ಅಪ್ಪಿಕೊಂಡರು. ಮಡಿವಂತರಾದ ತಂದೆಯನ್ನು ಹೊರದೇಶದ ಹೆಂಗಸು ಹೀಗೆ ಬೀದಿಯಲ್ಲಿ ಅಪ್ಪಿಕೊಂಡುದನ್ನು ಕಂಡು ಮಗ ದಿಗ್ಭ್ರಮೆಗೊಂಡನು. ಆಮೇಲೆ ವಿಚಾರಿಸಿದಾಗ ಕಾರಣ ತಿಳಿಯಿತು. ಬಹುಕಾಲದಿಂದ ನಿದ್ರೆಯಿಲ್ಲದೆ ಬಳಲುತ್ತಿದ್ದ ಆಕೆ, ಆಚಾರ್ಯರ ಪಾಠದಿಂದಾಗಿ ಹಿಂದಿನ ರಾತ್ರಿ ಮಾತ್ರೆಯ ನೆರವಿಲ್ಲದೆ ನಿದ್ರಿಸಿದ್ದರು.

ಇಂಗ್ಲಿಷ್ ಬಾರದ ತಂದೆ, ತಮ್ಮ ಭಾಷೆಯನ್ನರಿಯದ ರೋಗಿ. ಆದರೂ ನಿದ್ರೆ ಮರಳಿ ಬಂದಿತ್ತು. ಆ ದಿನ ಮಗನಿಗೆ ತಂದೆ ಯಾರೆಂಬುದು ಮೊದಲ ಬಾರಿಗೆ ತಿಳಿಯಿತು. ಅವನು ಉದ್ಯೋಗದ ಯೋಚನೆಯನ್ನು ಬಿಟ್ಟು ಶಿಷ್ಯನಾಗಲು ಬಯಸಿದನು. ತಂದೆ ಒಡನೆಯೇ ಒಪ್ಪಿಬಿಡಲಿಲ್ಲ. ಬೆಳಗಿನ ಜಾವ ಕತ್ತಲಿರುವಾಗಲೇ ಪಾಠಕ್ಕೆ ಬರಬೇಕೆಂದು ವಿಧಿಸಿ ಅವನ ನಿಷ್ಠೆಯನ್ನು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಗೆದ್ದ ಮಗನು ತಂದೆಯ ಕೊನೆಯ ದಿನಗಳವರೆಗೂ ಅವರಲ್ಲಿ ಕಲಿತನು. ತತ್ತ್ವಚಿಂತಕ ಜೆ. ಕೃಷ್ಣಮೂರ್ತಿಯವರು ದೇಶಿಕಾಚಾರರಿಂದ ಯೋಗವನ್ನು ಕಲಿತರು. 1976ರಲ್ಲಿ ದೇಶಿಕಾಚಾರರು ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು. ಬಂದವರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಅವರವರಿಗೆ ತಕ್ಕ ಅಭ್ಯಾಸವನ್ನು ಹೇಳಿಕೊಡುವ ಪದ್ಧತಿಯನ್ನು ಆ ಸಂಸ್ಥೆ ಮುಂದುವರಿಸಿತು.

ಗುರುವು ಹೇಳಿಕೊಟ್ಟುದನ್ನು ತಾನೂ ಆಚರಿಸಬೇಕಾದ ಕಾಲ ಬಂದಿತು. ತೊಂಬತ್ತಾರನೆಯ ವಯಸ್ಸಿನಲ್ಲಿ ಕೃಷ್ಣಮಾಚಾರ್ಯರು ಬಿದ್ದು ಸೊಂಟದ ಮೂಳೆ ಮುರಿಯಿತು. ಅವರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಬಹುದಾದ ಅಭ್ಯಾಸವನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಒಂದು ಕಾಲದಲ್ಲಿ ಜನಸಮೂಹದೆದುರು ದುಸ್ಸಾಧ್ಯವಾದ ಆಸನಗಳನ್ನು ತೋರಿದ ಆ ದೇಹ ಈಗ ಕೈಕಾಲುಗಳ ಸಣ್ಣ ಚಲನೆಗಳನ್ನೂ ಉಸಿರನ್ನೂ ಮಂತ್ರವನ್ನೂ ನೆಚ್ಚಿಕೊಂಡಿತು. ಅಭ್ಯಾಸದ ರೂಪ ಬದಲಾಗಿತ್ತು, ಅಭ್ಯಾಸ ಮಾತ್ರ ನಿಲ್ಲಲಿಲ್ಲ. 1988ರಲ್ಲಿ ಶಿಷ್ಯರೂ ಅಭಿಮಾನಿಗಳೂ ಸೇರಿ ಅವರ ನೂರನೆಯ ಹುಟ್ಟುಹಬ್ಬವನ್ನು ಆಚರಿಸಿದರು. 1989ರ ಫೆಬ್ರವರಿ 28ರಂದು ಅವರು ದೇಹವನ್ನು ಬಿಟ್ಟರು. ಇಷ್ಟು ದೀರ್ಘವಾದ ಬಾಳಿನಲ್ಲಿ ಅವರು ಸಮುದ್ರವನ್ನು ದಾಟಿ ಹೊರದೇಶಕ್ಕೆ ಹೋಗಲಿಲ್ಲ. ತಮ್ಮನ್ನು ಯೋಗಿಯೆಂದು ಕರೆದುಕೊಳ್ಳಲಿಲ್ಲ, ಕೊನೆಯವರೆಗೂ ವಿದ್ಯಾರ್ಥಿಯೆಂದೇ ಭಾವಿಸಿದರು.

ಅವರ ಶಿಷ್ಯರ ಯೋಗಪದ್ಧತಿಗಳನ್ನು ನೋಡಿದರೆ ಒಬ್ಬರದು ಇನ್ನೊಬ್ಬರಂತಿಲ್ಲ. ಪಟ್ಟಾಭಿ ಜೋಯಿಸರದು ಹೊಳೆಯಂತೆ ಹರಿಯುವ ಶ್ರಮದ ಅಭ್ಯಾಸ. ಅಯ್ಯಂಗಾರರದು ನಿಖರವಾದ ನಿಲುವಿನ ಅಭ್ಯಾಸ. ಇಂದ್ರಾದೇವಿಯವರದು ಮೃದುವಾದುದು. ದೇಶಿಕಾಚಾರರದು ವ್ಯಕ್ತಿ ವ್ಯಕ್ತಿಗೂ ಬೇರೆಯಾಗುವ ಚಿಕಿತ್ಸೆ. ಒಬ್ಬ ಗುರುವಿನಿಂದ ಇಷ್ಟು ಭಿನ್ನವಾದ ದಾರಿಗಳು ಹೇಗೆ ಹೊರಟವೆಂದು ಯಾರಿಗಾದರೂ ಆಶ್ಚರ್ಯವಾಗಬಹುದು. ಬಲಿಷ್ಠನಾದ ಹುಡುಗ, ಕಾಯಿಲೆಯ ಹುಡುಗ, ಹೊರನಾಡಿನ ಹೆಂಗಸು, ಎಂಜಿನಿಯರಾದ ಮಗ ಇವರಲ್ಲಿ ಒಬ್ಬೊಬ್ಬರೂ ಆಚಾರ್ಯರ ಬಾಳಿನ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಗಳೊಡನೆ ಬಂದವರು. ಗುರುವಿನಿಂದ ಪಡೆದುದನ್ನು ಅವರು ತಮ್ಮ ತಮ್ಮ ಅನುಭವದಿಂದ ಬೆಳೆಸಿಕೊಂಡರು.

ವಿಶ್ವಸಂಸ್ಥೆಯು 2014ರಲ್ಲಿ ಕೈಗೊಂಡ ನಿರ್ಣಯದಂತೆ 2015ರಿಂದ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವಾಗಿ ಆಚರಿಸಲಾಗುತ್ತಿದೆ. ಅಂದು ಮೈದಾನಗಳಲ್ಲಿ ಸಾವಿರಾರು ಮಂದಿ ಸಾಲಾಗಿ ನಿಂತು ಒಂದೇ ಆಸನವನ್ನು ಒಂದೇ ಹೊತ್ತಿಗೆ ಮಾಡುವ ನೋಟ ಕಣ್ಣಿಗೆ ಹಬ್ಬ. ಆದರೆ ಆ ಸಾಲಿನಲ್ಲಿ ಬಾಗಲಾರದ ಮುದುಕನೊಬ್ಬನು ಇರಬಹುದು, ಉಸಿರು ಸಾಲದ ಹುಡುಗಿಯೊಬ್ಬಳು ಇರಬಹುದು. ಅವರ ಬಳಿಗೆ ಹೋಗಿ ನಿಂತು, ನಿನಗೆ ತಕ್ಕುದು ಇಷ್ಟು ಎಂದು ತಿಳಿಸಿ ಹೇಳುವ ಗುರು ಬೇಕಾಗುತ್ತದೆ. ಕಠೋರ ಶಿಸ್ತಿನ ಯೋಗಶಾಲೆಯಿಂದ ಹೊರಟು, ಇಳಿವಯಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಆರಂಭಿಸಿ, ಕೃಷ್ಣಮಾಚಾರ್ಯರು ಅಂತಹ ಗುರುವಾದರು. ಬಂದವನ ನೋವನ್ನು ಮೊದಲು ತಿಳಿದು ಆಮೇಲೆ ವಿದ್ಯೆಯನ್ನು ಕೊಟ್ಟರು. ಮಾನಸ ಸರೋವರದ ಗುರುವಿಗೆ ಅವರು ಸಲ್ಲಿಸಿದ ದಕ್ಷಿಣೆ ಇದೇ.